ಮಗಳ ಗಂಟು ನೋವು ಇಳೀತು, ತೂಕ ಏರ್ತು. ಸ್ಟಿರಾಯ್ಡ್ ತಗೊಳ್ಳೋ ಮಕ್ಕಳಿಗೆ ನೀವು ಎಂತ ಕೊಡ್ತೀರಿ?

ಕಾಫಿಹೂ (ಗೋಣಿಕೊಪ್ಪ ಹತ್ತಿರ)
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದ್ಕೊಂಡಿದ್ದೆ, ಇವತ್ತು ಬರೀಲೇಬೇಕಾಯ್ತು.

ಮಗಳಿಗೆ 11 ವರ್ಷ. ಹೋದ ಸಲ ಕಾಫಿ ಕೊಯ್ಲಿನ ಹೊತ್ತಿಗೆ ದಿನಾ ಸಂಜೆ ಜ್ವರ, ಮೈಮೇಲೆ ಕೆಂಪು ಕೆಂಪು ಗಂದೆ, ಬೆಳಿಗ್ಗೆ ಎದ್ದರೆ ಮಣಿಕಟ್ಟು, ಮಂಡಿ ಮಡಚೋಕೆ ಆಗ್ತಿರಲಿಲ್ಲ. ಒಬ್ಬರು ವೈರಲ್ ಅಂದ್ರು, ಇನ್ನೊಬ್ಬರು ಟೈಫಾಯ್ಡ್ ಅಂದ್ರು. ಕೊನೆಗೆ ಬೆಂಗಳೂರಲ್ಲಿ ಗೊತ್ತಾಯ್ತು, ಮಕ್ಕಳಿಗೆ ಬರೋ ಸಂಧಿವಾತ (ಜೆಐಎ), ಅದರಲ್ಲೂ ಇಡೀ ಮೈಗೆ ಹರಡೋ ಸಿಸ್ಟಮಿಕ್ ಜೆಐಎ ಅಂತ. ಜನವರಿಯಲ್ಲಿ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ದಿನಕ್ಕೆ 30 ಮಿಲಿಗ್ರಾಂ ಶುರು ಮಾಡಿದ್ರು, ಜೊತೆಗೆ ಕಾಯಿಲೆ ಹತೋಟಿಗೆ ಇಡೋಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಈಗ ಸ್ಟಿರಾಯ್ಡ್ 10ಕ್ಕೆ ಇಳಿದಿದೆ. ಜ್ವರ ಇಲ್ಲ, ನೋವು ಇಲ್ಲ, ಮಗು ನಗ್ತಾ ಇದೆ.

ಆದರೆ ಜನವರಿಯಲ್ಲಿ 31 ಕೆ.ಜಿ. ಇದ್ದವಳು ಈಗ 40. ಮುಖ ದುಂಡಗಾಗಿದೆ. ಕುತ್ತಿಗೆ ಹಿಂದೆ ಕಪ್ಪು, ತಿಕ್ಕಿದ್ರೂ ಹೋಗಲ್ಲ. ಹೋದ ವಾರದ ರಿಪೋರ್ಟ್: ಖಾಲಿ ಹೊಟ್ಟೆ ಶುಗರ್ 94, ಊಟ ಆಗಿ 2 ಗಂಟೆಗೆ 166, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 178, ಹಿಮೋಗ್ಲೋಬಿನ್ 9.6. ಡಾಕ್ಟರ್ ಫೋನಲ್ಲಿ "ಊಟ ನೋಡ್ಕೊಳ್ಳಿ" ಅಂದ್ರು, ಅಷ್ಟೇ. ನಮ್ಮದು ಕೊಡಗಿನ ಮನೆ, ಬೆಳಿಗ್ಗೆ ಅಕ್ಕಿ ಒಟ್ಟಿ (ರೊಟ್ಟಿ), ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು (ಅಕ್ಕಿ ಕಡುಬು) ಅಥವಾ ನೂಪುಟ್ಟು (ಅಕ್ಕಿ ಶಾವಿಗೆ). ಎಂತ ನೋಡ್ಕೊಳ್ಳಲಿ? ಅತ್ತೆ ದಿನಾ ಹೇಳ್ತಾರೆ, "ಆ ಮಾತ್ರೆ ನಿಲ್ಸು, ಮಗು ಊದಿಕೊಂಡಿದೆ" ಅಂತ. ನೀವೆಲ್ಲ ಹೇಗೆ ಸಂಭಾಳಿಸ್ತೀರಿ?

ಮಳೆಮನೆ_ಸಿದ್ದಾಪುರ
ಅಕ್ಕ, ನಿಮ್ಮ ಪೋಸ್ಟ್ ಓದಿ ನಮ್ಮ ಮನೆ ಕಥೆನೇ ಓದಿದ ಹಾಗಾಯ್ತು. ನನ್ನ ಮಗನಿಗೆ 13. ಸ್ಟಿರಾಯ್ಡ್ ಇದ್ದಾಗ ರಾತ್ರಿ 11 ಗಂಟೆಗೆ ಎದ್ದು ಅಡುಗೆಮನೇಲಿ ತಣ್ಣಗಿನ ಪಂದಿ ಕರಿ (ಹಂದಿ ಮಾಂಸದ ಸಾರು) ಜೊತೆ ಒಟ್ಟಿ ತಿಂತಿದ್ದ. ಬೈದೆ. ಆಮೇಲೆ ಗೊತ್ತಾಯ್ತು, ಆ ಹಸಿವು ಅವನದ್ದಲ್ಲ, ಮಾತ್ರೆದು. ಬೈದಿದ್ದಕ್ಕೆ ಇವತ್ತೂ ಬೇಜಾರಿದೆ.

ಬ್ರಹ್ಮಗಿರಿ72
ನಿಮ್ಮ ಅತ್ತೆಯವರು ಹೇಳೋದು ಸರಿ ಇದೆ ತಂಗಿ. ಇಂಗ್ಲಿಷ್ ಮದ್ದು ಒಂದು ಕಾಯಿಲೆ ವಾಸಿ ಮಾಡಿ ನಾಲ್ಕು ಕೊಡುತ್ತೆ. ನಮ್ಮ ಕಡೆ ಒಬ್ಬ ಹುಡುಗಿಗೆ ಇದೇ ಗಂಟು ನೋವು, ಗಡಿ ದಾಟಿ ಕೇರಳಕ್ಕೆ ಹೋಗಿ ಒಂದು ತಿಂಗಳು ಎಣ್ಣೆ ಉಜ್ಜಿಸಿ, ಪುಡಿ ತಂದು ಕುಡಿಸಿದ್ರು, ಓಡಾಡ್ಕೊಂಡಿದ್ದಾಳೆ. ಇನ್ನೇನು ಆಗಸ್ಟ್ 3 ಬಂತು, ನಮ್ಮ ಕಕ್ಕಡ ತಿಂಗಳ 18ನೇ ದಿನ, ಕಕ್ಕಡ 18 ಹಬ್ಬ. ಮದ್ದು ಸೊಪ್ಪಿನ ಪಾಯಸ ಮಾಡಿ ಕೊಡಿ. ಹದಿನೆಂಟು ಔಷಧಿ ಗುಣ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮಕ್ಕಳ_ಡಾಕ್ಟರ್_ಮಡಿಕೇರಿಯವನು
ನಾನು ಮಕ್ಕಳ ವೈದ್ಯ, ರುಮಟಾಲಜಿಸ್ಟ್ (ಗಂಟು ಕಾಯಿಲೆ ತಜ್ಞ) ಅಲ್ಲ. ಆದರೂ ಇದಕ್ಕೆ ಉತ್ತರ ಹೇಳದೆ ಇರೋಕಾಗಲ್ಲ.

ಕಾಫಿಹೂ ಅವರೇ, ಮೊದಲನೇದಾಗಿ ಪ್ರೆಡ್ನಿಸೊಲೋನ್ ದಿಢೀರ್ ಅಂತ ನಿಲ್ಲಿಸಲೇಬಾರದು. ತಿಂಗಳುಗಟ್ಟಲೆ ತಗೊಂಡ ಮಗುವಿನಲ್ಲಿ ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿ ತನ್ನ ಪಾಲಿನ ಸ್ಟಿರಾಯ್ಡ್ ಮಾಡೋದನ್ನೇ ಬಿಟ್ಟಿರುತ್ತೆ. ಒಂದೇ ಸಲ ನಿಲ್ಲಿಸಿದ್ರೆ ವಾಂತಿ, ಸುಸ್ತು, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೇಲಿ ನಿಲ್ಲದಿದ್ರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ.

ಎರಡನೇದು, ಎಲ್ಲಾ ತಪ್ಪನ್ನೂ ಮಾತ್ರೆ ತಲೆಗೆ ಕಟ್ಟೋದು ಬೇಡ. ಈ ಕಾಯಿಲೆಯ ಉರಿಯೂತವೇ ಮೈಯ ಲೆಕ್ಕ ಕೆಡಿಸುತ್ತೆ. ಟಿಎನ್‌ಎಫ್, ಐಎಲ್-6 ಅನ್ನೋ ವಸ್ತುಗಳು ರಕ್ತದಲ್ಲಿ ಜಾಸ್ತಿ ಇದ್ದಾಗ ಸ್ನಾಯು, ಲಿವರ್ ಎರಡೂ ಇನ್ಸುಲಿನ್ ಮಾತು ಕೇಳಲ್ಲ. ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತೆ, ಟ್ರೈಗ್ಲಿಸರೈಡ್ ಏರುತ್ತೆ. ನೋವಿಗೆ ಮಗು ಕೂತಲ್ಲೇ ಕೂತು ಸ್ನಾಯು ಕರಗುತ್ತೆ. ಅದರ ಮೇಲೆ ಸ್ಟಿರಾಯ್ಡ್ ಬಂದು ಹಸಿವು ಕೆರಳಿಸಿ, ಕೊಬ್ಬನ್ನ ಮುಖ, ಹೊಟ್ಟೆ, ಬೆನ್ನಿನ ಮೇಲ್ಭಾಗಕ್ಕೆ ತಂದು ಇಡುತ್ತೆ. ಮದ್ದು ಬಿಟ್ಟರೆ ತೂಕ ಇಳಿಯುತ್ತೆ ಅಂತ ಕಾಯಿಲೆನ ಕೆರಳೋಕೆ ಬಿಟ್ಟರೆ ಮತ್ತೆ 30 ಮಿಲಿಗ್ರಾಂನಿಂದಲೇ ಶುರು ಮಾಡ್ಬೇಕಾಗುತ್ತೆ.

ಇನ್ನು ರಿಪೋರ್ಟ್. ಬೆಳಿಗ್ಗೆ 94, ಊಟದ ನಂತರ 166. ಇದು ಬೆಳಿಗ್ಗೆ ತಗೊಳ್ಳೋ ಸ್ಟಿರಾಯ್ಡಿನ ಪಕ್ಕಾ ನಡವಳಿಕೆ, ಮಧ್ಯಾಹ್ನ ಸಂಜೆ ಶುಗರ್ ಏರಿಸಿ ಬೆಳಗಾಗೋ ಹೊತ್ತಿಗೆ ಬಿಟ್ಟು ಹೋಗುತ್ತೆ. ಖಾಲಿ ಹೊಟ್ಟೆ ಪರೀಕ್ಷೆ ಒಂದನ್ನೇ ಮಾಡಿಸೋರಿಗೆ ಇದು ಗೊತ್ತೇ ಆಗಲ್ಲ. ಮೂರು ತಿಂಗಳ ಸರಾಸರಿ ಅಂತಾರಲ್ಲ, ಎಚ್‌ಬಿಎ1ಸಿ, ಹಿಮೋಗ್ಲೋಬಿನ್ 9.6 ಇರೋ ಮಗುವಲ್ಲಿ ಅದನ್ನ ಒಂದನ್ನೇ ನಂಬೋಕಾಗಲ್ಲ. ಟ್ರೈಗ್ಲಿಸರೈಡಿಗೆ ಲ್ಯಾಬ್ ಚೀಟಿಯಲ್ಲಿ 150ರ ತನಕ ಸರಿ ಅಂತ ಬರೆದಿರುತ್ತೆ, ಅದು ದೊಡ್ಡವರ ಲೆಕ್ಕ. 10 ವರ್ಷ ದಾಟಿದ ಮಕ್ಕಳಿಗೆ 90ರ ಒಳಗಿದ್ರೆ ಒಳ್ಳೇದು, 130 ದಾಟಿದ್ರೆ ಜಾಸ್ತಿ. ಕುತ್ತಿಗೆ ಕಪ್ಪು ಕೊಳೆ ಅಲ್ಲ, ಇನ್ಸುಲಿನ್ ಜಾಸ್ತಿ ಓಡಾಡ್ತಿರೋದರ ಗುರುತು. ದಯವಿಟ್ಟು ತಿಕ್ಕಬೇಡಿ. ಬಿಪಿ ನೋಡಿಸಿದ್ದೀರಾ? ನೀವು ಬರೆದಿಲ್ಲ. ಈ ನಂಬರ್‌ಗಳನ್ನೆಲ್ಲ ಬೆಂಗಳೂರಿನ ನಿಮ್ಮ ಡಾಕ್ಟರ್‌ಗೆ ಬರೆದು ಕಳಿಸಿ, ಫೋನಲ್ಲಿ ಹೇಳಿದ್ದು ಮರೆತು ಹೋಗುತ್ತೆ.

ಬ್ರಹ್ಮಗಿರಿ ಅವರೇ, ಪಾಯಸ ನಾನೂ ತಿಂತೀನಿ, ಒಂದು ದಿನದ ಹಬ್ಬ. ಆದ್ರೆ ಅದರಲ್ಲಿರೋದು ಅಕ್ಕಿ, ಬೆಲ್ಲ, ತೆಂಗಿನಕಾಯಿ. ಹೆಸರು ಬರೆಯದ ಪುಡಿಗಳ ಬಗ್ಗೆ ಮಾತ್ರ ಎಚ್ಚರ. ಅಂಥದ್ದರಲ್ಲಿ ಸ್ಟಿರಾಯ್ಡನ್ನೇ ಬೆರೆಸಿರೋದು ಎಷ್ಟೋ ಸಲ ಸಿಕ್ಕಿದೆ.

ಬ್ರಹ್ಮಗಿರಿ72
ಎಲ್ಲಾ ನಾಟಿ ಮದ್ದಿಗೂ ಒಂದೇ ಮಾತು ಹೇಳಿದ್ರೆ ಹೇಗೆ ಡಾಕ್ಟ್ರೇ. ನಿಮ್ಮಲ್ಲೂ ಟೈಫಾಯ್ಡ್ ಅಂದವರಿದ್ದಾರಲ್ಲ. ಆ ತಂಗಿನೇ ಬರೆದಿದ್ದಾರೆ ನೋಡಿ.

ಮಕ್ಕಳ_ಡಾಕ್ಟರ್_ಮಡಿಕೇರಿಯವನು
ಒಪ್ಪಿದೆ. ನಾವೂ ತಪ್ಪು ಮಾಡ್ತೀವಿ. ಗಂಟು ನೋವು ಅಂತ ಬಂದ ಮಗುವಿಗೆ ಎಎಸ್‌ಓ ಅನ್ನೋ ರಕ್ತಪರೀಕ್ಷೆ ಜಾಸ್ತಿ ಇದೆ ಅನ್ನೋ ಒಂದೇ ಕಾರಣಕ್ಕೆ ರುಮ್ಯಾಟಿಕ್ ಫೀವರ್ (ಗಂಟಲು ಸೋಂಕಿನ ನಂತರ ಬರೋ ಗಂಟು ನೋವಿನ ಜ್ವರ) ಅಂತ 21 ದಿನಕ್ಕೊಂದು ಪೆನಿಸಿಲಿನ್ ಚುಚ್ಚಿಸಿಕೊಂಡು ವರ್ಷ ಕಳೆದ ಮಕ್ಕಳನ್ನ ನೋಡಿದ್ದೀನಿ. ಎಎಸ್‌ಓ ಹೇಳೋದು ಯಾವಾಗಲೋ ಗಂಟಲಲ್ಲಿ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬಂದು ಹೋಗಿದೆ ಅಂತ, ಅಷ್ಟೇ. ಗಂಟು ಊದಿ 6 ವಾರ ದಾಟಿದ್ರೆ ಜೆಐಎ ನೆನಪಾಗಬೇಕು.

ಕೊಡೆ_ಮರೆತವನು
ನಾನು ಆ ಕಡೆಯಿಂದ ಮಾತಾಡ್ತೀನಿ, ಅಂದ್ರೆ ಮಗುವಾಗಿದ್ದವನ ಕಡೆಯಿಂದ. ಈಗ 22. ನನಗೆ 9 ವರ್ಷದಲ್ಲಿ ಶುರುವಾಯ್ತು.

ತೂಕ ಏರಿದ್ದು ನನಗೆ ಗೊತ್ತಾಗಿದ್ದು ಕನ್ನಡಿಯಲ್ಲಿ ಅಲ್ಲ, ಮದುವೆ ಮನೆಗಳಲ್ಲಿ. ಪ್ರತಿ ಆಂಟಿನೂ ಕೆನ್ನೆ ಹಿಂಡಿ "ಈಗ ನೋಡು, ಎಷ್ಟು ಚೆನ್ನಾಗಾಗಿದ್ದಾನೆ" ಅನ್ನೋರು. ಕಾಯಿಲೆ ಬಿದ್ದ ಹುಡುಗ ದಪ್ಪ ಆದ್ರೆ ನಮ್ಮ ಊರಲ್ಲಿ ವಾಸಿ ಆದ ಅಂತ ಲೆಕ್ಕ. ಅವರ ಎದುರೇ ನನಗೆ ಇನ್ನೆರಡು ಪುಟ್ಟು ಬಡಿಸೋರು. ಶಾಲೇಲಿ ಮಾತ್ರ ಹೆಸರು ಬೇರೆ ಇತ್ತು, ಅದು ಬೇಡ ಬಿಡಿ.

ನನ್ನ ಪಾಲಿಗೆ ಕೆಟ್ಟದ್ದು ಊಟ ಅಲ್ಲ, ಕೂತಿದ್ದು. ಅಪ್ಪ ಅಮ್ಮ ಹೆದರಿ ಮೂರು ವರ್ಷ ಆಟಕ್ಕೆ ಬಿಡಲಿಲ್ಲ, ಮಂಡಿ ಸವೆಯುತ್ತೆ ಅಂತ. ಇಡೀ ಊರು ಮೈದಾನದಲ್ಲಿ ಕೌಟುಂಬಿಕ ಹಾಕಿ (ಕೊಡವ ಕುಟುಂಬಗಳ ತಂಡಗಳ ಪಂದ್ಯ) ಆಡ್ತಿರೋವಾಗ ನಾನು ಗ್ಯಾಲರಿಯಲ್ಲಿ ಚುರುಮುರಿ ತಿಂತಾ ಕೂತಿದ್ದೆ. ಆಮೇಲೆ ಫಿಸಿಯೋ ಒಬ್ಬರು ಹೇಳಿದ್ರು, ಕಾಯಿಲೆ ಹತೋಟಿಯಲ್ಲಿದ್ರೆ ಆಡಿದ್ರೆ ಗಂಟು ಸವೆಯಲ್ಲ, ಆಡದಿದ್ರೆ ಸ್ನಾಯು ಸವೆಯುತ್ತೆ ಅಂತ. ಹದಿಮೂರಕ್ಕೆ ಸ್ಟಿಕ್ ಹಿಡಿದೆ. ಮೊದಲ ತಿಂಗಳು ಬರೀ ಗೋಲ್‌ಪೋಸ್ಟ್ ತನಕ ನಡೆದು ಬರೋದು. ತೂಕ ಇಳೀತಾ ಅಂದ್ರೆ ಇಲ್ಲ, ಅಲ್ಲೇ ನಿಲ್ತು, ನಾನು ಉದ್ದ ಆದೆ. ಮಕ್ಕಳಿಗೆ ಆ ಒಂದು ಅನುಕೂಲ ಇದೆ ನೋಡಿ.

ಇನ್ನೊಂದು ಮಾತು, ಹದಿನೆಂಟು ದಾಟಿದ ಹುಡುಗರ ಅಪ್ಪ ಅಮ್ಮಂದಿರಿಗೆ. ಮೆಥೋಟ್ರೆಕ್ಸೇಟ್ ತಗೊಳ್ಳೋನಿಗೆ ನಮ್ಮ ಮದುವೆ ಮನೆಗಳು ಕಷ್ಟದ ಜಾಗ. "ಒಂದು ಪೆಗ್‌ಗೆ ಎಂತ ಆಗಲ್ಲ" ಅಂತ ಕೈಗೆ ಕೊಡೋರು ಮಾವಂದಿರೇ. ಲಿವರ್‌ಗೆ ಆಗುತ್ತೆ. ನಾನು ಸೋಡಾಗೆ ನಿಂಬೆಹಣ್ಣು ಹಿಂಡಿಕೊಂಡು ಗ್ಲಾಸ್ ಹಿಡ್ಕೊಂಡು ತಿರುಗ್ತೀನಿ, ಯಾರೂ ಕೇಳಲ್ಲ.

ಮಳೆಮನೆ_ಸಿದ್ದಾಪುರ
ಸೋಡಾ ಐಡಿಯಾ ಮಗನಿಗೆ ಈಗಲೇ ಕಲಿಸ್ತೀನಿ 😄

ವಾಕಿಂಗ್ ವಿಷಯ ಮಾತ್ರ ನಮ್ಮ ಕಡೆ ನಗೆಪಾಟಲು. ಡಾಕ್ಟರ್ ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು ಅಂತಾರೆ. ಬೆಳಿಗ್ಗೆ ಆರಕ್ಕೆ ತೋಟದ ದಾರೀಲಿ ಆನೆ, ಸಂಜೆ ಆರಕ್ಕೂ ಆನೆ, ಮಧ್ಯದಲ್ಲಿ ಮಳೆ, ಮಳೆ ಬಿಟ್ಟರೆ ಜಿಗಣೆ. ಎಲ್ಲಿ ನಡೆಸೋದು?

ಪುತ್ತರಿ_ಕೋಲು
ವಾಲಗ ಹಾಕಿ ಕುಣಿಸಿ. ತಮಾಷೆ ಅಲ್ಲ. ನನ್ನ ತಂಗಿ ಮಗಳಿಗೆ ಲೂಪಸ್ (ಮೈಯ ರೋಗನಿರೋಧಕ ಶಕ್ತಿನೇ ಮೈಮೇಲೆ ತಿರುಗಿ ಬೀಳೋ ಕಾಯಿಲೆ), ಬಿಸಿಲಿಗೆ ಹೋಗೋ ಹಾಗಿಲ್ಲ. ಮಳೆಗಾಲದಲ್ಲಿ ಹಾಲ್‌ನ ಸೋಫಾ ಗೋಡೆಗೆ ಸರಿಸಿ, ಫೋನಲ್ಲಿ ವಾಲಗ ಹಾಕಿ ಸಂಜೆ 20 ನಿಮಿಷ ಮನೆಯವರೆಲ್ಲ ಕುಣೀತಾರೆ, ಅಜ್ಜ ಸಮೇತ. ಅಜ್ಜನ ಶುಗರ್ ಕೂಡ ಇಳಿದಿದೆ ಅಂತ ತಂಗಿ ಹೇಳ್ತಾಳೆ.

ಎಳ್ಳು_ಪಜ್ಜಿ
ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ವಲ್ಲ! ನಾನು ಮಾಡಿದ್ದು ಹೇಳ್ತೀನಿ. ಅಕ್ಕಿ ಬಿಡಿಸೋಕೆ ಹೋಗ್ಬೇಡಿ, ಮಗು ಕದ್ದು ತಿನ್ನುತ್ತೆ. ಎರಡು ಒಟ್ಟಿ ಜಾಗಕ್ಕೆ ಒಂದು, ಬೆಣ್ಣೆ ಬದಲು ಎಳ್ಳು ಪಜ್ಜಿ (ಎಳ್ಳಿನ ಚಟ್ನಿ), ಪಕ್ಕಕ್ಕೆ ಎರಡು ಮೊಟ್ಟೆ ಅಥವಾ ಹೆಸರುಕಾಳು ಪಲ್ಯ. ಸ್ಟಿರಾಯ್ಡ್ ಮೂಳೆ ಸವೆಸುತ್ತೆ ಅಂತಾರಲ್ಲ, ಎಳ್ಳಲ್ಲಿ ಕ್ಯಾಲ್ಸಿಯಂ ಇದೆ. ತಟ್ಟೆಗೆ ಮೊದಲು ತರಕಾರಿ, ಕಾಳು ಬೀಳಬೇಕು, ಪುಟ್ಟು ಆಮೇಲೆ. ಕಡಂಬುಟ್ಟು ಎಣಿಸಿ ಇಡೋದು, ಪಾತ್ರೆ ಮೇಜಿನ ಮೇಲೆ ಇಡಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆ, ಸ್ಟಿರಾಯ್ಡ್ ಇರುವಾಗ ಉಪ್ಪು ನೀರನ್ನ ಹಿಡಿದಿಡುತ್ತೆ. ಈ ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಕೆಂಬು (ಕೆಸುವಿನ ಸೊಪ್ಪು), ಅಣಬೆ ಎಲ್ಲಾ ಇದೆ, ಹೊಟ್ಟೆ ತುಂಬುತ್ತೆ, ಶುಗರ್ ಏರಿಸಲ್ಲ.

ನಿಜವಾದ ಶತ್ರು ನಾಲ್ಕು ಗಂಟೆ ಚಹಾ. ಬೇಕರಿ ಬನ್, ರಸ್ಕ್, ಮಿಕ್ಸ್ಚರ್, ಮೇಲೆ ಟೂರಿಸ್ಟರಿಗೆ ಅಂತ ತಂದ ಹೋಮ್‌ಮೇಡ್ ಚಾಕಲೇಟ್. ಮನೆಯವರು ಎಲ್ಲರೂ ಬಿಟ್ಟರೆ ಮಾತ್ರ ಮಗು ಬಿಡುತ್ತೆ. ನನ್ನ ಗಂಡನೇ ಕೊನೇ ತನಕ ಬಿಡಲಿಲ್ಲ.

ಕುಶಾಲನಗರ_ಅಣ್ಣ
ಪಂದಿ ಕರಿ ತಿಂದ್ರೆ ಗಂಟು ನೋವು ಜಾಸ್ತಿ ಆಗುತ್ತೆ ಅಂತಾರಲ್ಲ?

ಎಳ್ಳು_ಪಜ್ಜಿ
ಅದು ಯೂರಿಕ್ ಆಸಿಡ್ ಇರೋ ಮಾವಂದಿರ ಗಂಟು ನೋವು ಅಣ್ಣ. ಮಕ್ಕಳದ್ದು ಬೇರೆ. ಆದ್ರೂ ಕೊಬ್ಬಿನ ತುಂಡು ಮಗುವಿನ ತಟ್ಟೆಗೆ ಹಾಕಲ್ಲ ನಾನು.

ರೈಟರ್_ಮಗ
ಕಾಚಂಪುಳಿ (ಪಂದಿ ಕರಿಗೆ ಹಾಕೋ ಹುಳಿ) ಕೊಬ್ಬು ಕರಗಿಸುತ್ತೆ ಅಂತ ಮೆಡಿಕಲ್ ಶಾಪಲ್ಲಿ ಕ್ಯಾಪ್ಸುಲ್ ಬಂದಿದೆ. ನಮ್ಮದೇ ಹಣ್ಣು, ಮಗುವಿಗೆ ಕೊಡಬಹುದಾ? ಮತ್ತೆ ನಮ್ಮ ಅಪ್ಪ ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ಅನ್ನೋ ಸ್ಟಾಟಿನ್ ಮಾತ್ರೆ ತಗೊಳ್ತಾರೆ, ಅದರಲ್ಲಿ ಅರ್ಧ ಮಾತ್ರೆ ಟ್ರೈಗ್ಲಿಸರೈಡಿಗೆ ಆಗಲ್ವಾ?

ಮಕ್ಕಳ_ಡಾಕ್ಟರ್_ಮಡಿಕೇರಿಯವನು
ಎರಡೂ ಬೇಡ! ಕರಿಗೆ ಹಾಕೋ ಎರಡು ಚಮಚ ಕಾಚಂಪುಳಿ ಹುಳಿ, ಅದು ಅಡುಗೆ. ಕ್ಯಾಪ್ಸುಲ್ ಅಂದ್ರೆ ಅದೇ ಗಾರ್ಸೀನಿಯಾ ಜಾತಿಯ ಸಾರ, ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಮೆಥೋಟ್ರೆಕ್ಸೇಟ್ ತಗೊಳ್ಳೋ ಮಗುವಿನ ಲಿವರ್ ಮೇಲೆ ಇನ್ನೊಂದು ಹೊರೆ ಹಾಕಬಾರದು.

ಸ್ಟಾಟಿನ್ ಬಗ್ಗೆ: ಅಮೆರಿಕ, ಕೆನಡಾದಲ್ಲಿ ಲೂಪಸ್ ಇರೋ 221 ಮಕ್ಕಳು, ಹದಿಹರೆಯದವರನ್ನ ಸೇರಿಸಿ, ಅರ್ಧ ಜನಕ್ಕೆ ಅಟೋರ್ವಾಸ್ಟಾಟಿನ್, ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ, ಹೀಗೆ 3 ವರ್ಷ ಕೊಟ್ಟು ನೋಡಿದ್ರು. ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪ ಆಗೋದನ್ನ ತಡೆಯೋದರಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎಲ್ಲ ಮಕ್ಕಳಿಗೂ ಸುಮ್ಮನೆ ಕೊಡೋ ಮಾತ್ರೆ ಅಲ್ಲ ಅದು. ಲೂಪಸ್‌ಗೆ ಕೊಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಶುಗರ್, ಕೊಲೆಸ್ಟ್ರಾಲ್ ಎರಡನ್ನೂ ಸ್ವಲ್ಪ ಇಳಿಸೋ ಕಡೆಗಿದೆ. ಜೆಐಎಗೆ ಕೊಡೋ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಉಲ್ಟಾ, ಕಾಯಿಲೆ ಇಳಿಸುತ್ತೆ, ಕೊಲೆಸ್ಟ್ರಾಲ್ ಏರಿಸುತ್ತೆ. ಅದಕ್ಕೇ ಆ ಮಕ್ಕಳಿಗೆ ಕೊಬ್ಬಿನ ಪರೀಕ್ಷೆ ಮತ್ತೆ ಮತ್ತೆ ಮಾಡಿಸೋದು.

ಆಶಾ_ಸೋಮವಾರಪೇಟೆ
ಎಲ್ಲರೂ ಮೊಟ್ಟೆ, ಕಾಳು, ಪಲ್ಯ ಅಂತೀರಿ. ನಾನು ಆಶಾ ಕೆಲಸಕ್ಕೆ ಹೋಗೋ, ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ರೇಷನ್ ಅಕ್ಕಿ, ಅದರ ಜೊತೆ ಒಂದು ಸಾರು. ಅಲ್ಲೊಂದು ಹುಡುಗಿಗೆ 10 ವರ್ಷ, ಎರಡು ವರ್ಷದ ಹಿಂದೆ ಯಾವುದೋ ಆಸ್ಪತ್ರೇಲಿ ಬರೆದುಕೊಟ್ಟ ಚೀಟಿ ಹಿಡ್ಕೊಂಡು ಅಪ್ಪ ತಿಂಗಳಿಗೊಮ್ಮೆ ಮೆಡಿಕಲ್‌ಗೆ ಹೋಗಿ ಅದೇ ಸ್ಟಿರಾಯ್ಡ್ ತರ್ತಿದ್ದ. ಅಗ್ಗದ ಮಾತ್ರೆ, ನೋವು ನಿಲ್ಲುತ್ತೆ, ಮತ್ತೆ ಡಾಕ್ಟರ್ ಹತ್ರ ಹೋದ್ರೆ ಒಂದು ದಿನದ ಕೂಲಿ ಹೋಗುತ್ತೆ. ಮಗು ಉದ್ದ ಬೆಳೆದೇ ಇಲ್ಲ, ಅಗಲ ಆಗಿದೆ. ನಾನು ಮುಖ ನೋಡಿ ಅನುಮಾನ ಬಂದು ಚೀಟಿ ಕೇಳಿದಾಗ ತಾರೀಖು ನೋಡಿ ಕೈ ನಡುಗ್ತು.

ಈಗ ಮಡಿಕೇರಿಗೆ ಕರ್ಕೊಂಡು ಹೋಗಿದ್ದೀವಿ, ನಿಧಾನಕ್ಕೆ ಇಳಿಸ್ತಿದ್ದಾರೆ. ಹಳೇ ಚೀಟಿಗೆ ಮಾತ್ರೆ ಕೊಡೋ ಅಂಗಡಿಯವರಿಗೂ ಯಾರಾದ್ರೂ ಬುದ್ಧಿ ಹೇಳಿ.

ಮಳೆಮನೆ_ಸಿದ್ದಾಪುರ
ಅಬ್ಬ. ಅಕ್ಕ, ಆ ಮಗುವಿಗೆ ಮೊಟ್ಟೆ ಖರ್ಚು ನಾನು ಕೊಡ್ತೀನಿ. ಇನ್‌ಬಾಕ್ಸ್ ನೋಡಿ.

ಟೀಚರ್_ವಿರಾಜಪೇಟೆ
ಶಾಲೆ ಕಡೆಯಿಂದ ಒಂದು ಮಾತು. ಇಂಥ ಮಕ್ಕಳು ಬಂದ್ರೆ ನಾವು ಹೆದರಿ ಪಿಟಿ ಪೀರಿಯಡ್‌ನಲ್ಲಿ ಲೈಬ್ರರಿಗೆ ಕೂರಿಸ್ತೀವಿ. "ಇವಳಿಗೆ ಎಂತ ಮಾಡಿಸಬಹುದು, ಎಂತ ಬೇಡ" ಅಂತ ಡಾಕ್ಟರ್ ಹತ್ರ ಒಂದು ಚೀಟಿ ಬರೆಸಿ ತಂದುಕೊಡಿ, ನಮಗೂ ಧೈರ್ಯ. ಸರ್ಕಾರಿ ಶಾಲೆ ಆದ್ರೆ ಕ್ಷೀರಭಾಗ್ಯದ ಹಾಲು ಇದೆ, ಮೂಳೆಗೆ ಒಳ್ಳೇದು, ಸಕ್ಕರೆ ಹಾಕದೆ ಕೊಡಿ ಅಂದ್ರೆ ಅಡುಗೆಯವರು ಕೊಡ್ತಾರೆ. ತಡವಾಗಿ ಬಂದ್ರೆ ಬೈಬೇಡಿ ಅಂತಾನೂ ಹೇಳಿ, ಬೆಳಿಗ್ಗೆ ಹೊತ್ತು ಗಂಟು ಹಿಡ್ಕೊಂಡಿರುತ್ತೆ ಅನ್ನೋದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಕುಶಾಲನಗರ_ಅಣ್ಣ
ನಮ್ಮ ಮಗನಿಗೆ ಉರಿಯೂತ ತಡೆಯೋ ಅಡಾಲಿಮುಮ್ಯಾಬ್ ಇಂಜೆಕ್ಷನ್ ಶುರು ಮಾಡಿ ಸ್ಟಿರಾಯ್ಡ್ ಪೂರ್ತಿ ನಿಲ್ತು, ಮುಖ ಮೊದಲಿನ ಹಾಗಾಯ್ತು. 2014ರಿಂದ ನಮ್ಮ ದೇಶದ್ದೇ ಬರ್ತಿದೆ, ಆದರೂ ದುಡ್ಡು ದುಡ್ಡೇ. ಶುರು ಮಾಡೋ ಮುಂಚೆ ಟಿಬಿ ಪರೀಕ್ಷೆ ಮಾಡಿಸ್ತಾರೆ. ತೊಂದರೆ ಏನಪ್ಪ ಅಂದ್ರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಜುಲೈಯಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ. ಮೀನಿನವನ ಹತ್ರ ಥರ್ಮೋಕೋಲ್ ಪೆಟ್ಟಿಗೆ ಇಸ್ಕೊಂಡು ಬಂದೆ. ಇಂಜೆಕ್ಷನ್ ಐಸ್‌ಗೆ ತಾಗಬಾರದು, ಹೆಪ್ಪುಗಟ್ಟಿದ್ರೆ ಬಿಸಾಡಬೇಕು. ಬಟ್ಟೆ ಸುತ್ತಿ ಇಟ್ಟೆ. ಪೆಟ್ಟಿಗೆ ಮತ್ತಿ ಮೀನು ವಾಸನೆ, ಮಗ ಮೂಗು ಮುಚ್ಕೊಂಡು ಚುಚ್ಚಿಸ್ಕೊಂಡ.

ಬ್ರಹ್ಮಗಿರಿ72
ಮೈಸೂರಿಗೆ ನೂರು ಚಿಲ್ಲರೆ ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ. 2019ರಲ್ಲಿ ಕೊಡಗಿಗೆ ಒಳ್ಳೆ ಆಸ್ಪತ್ರೆ ಬೇಕು ಅಂತ ಟ್ವಿಟ್ಟರ್ ತುಂಬ ಹ್ಯಾಷ್‌ಟ್ಯಾಗ್ ಹಾಕಿದ್ವಲ್ಲ, ಎಲ್ಲಿಗೆ ಬಂತು? ಅದಕ್ಕೇ ಜನ ನಾಟಿ ಮದ್ದಿಗೆ ಹೋಗೋದು ಡಾಕ್ಟ್ರೇ. ಶೋಕಿಗೆ ಅಲ್ಲ.

ಮಕ್ಕಳ_ಡಾಕ್ಟರ್_ಮಡಿಕೇರಿಯವನು
ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ ಅಂಕಲ್.

ನಿರ್ವಾಹಕ
ಆಸ್ಪತ್ರೆ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿಗೆ ಬನ್ನಿ. ಮಾತ್ರೆಯ ಪ್ರಮಾಣ ಇಲ್ಲಿ ಓದಿ ಬದಲಾಯಿಸಬೇಡಿ. ಮುಖ್ಯವಾಗಿ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ, ದಿನಾ ಅಲ್ಲ. ಹೋದ ವರ್ಷ ಇಲ್ಲೊಬ್ಬರು ತಪ್ಪಿ ಮೂರು ದಿನ ಸತತ ಕೊಟ್ಟು ಆಸ್ಪತ್ರೆ ಸೇರಿಸಬೇಕಾಯ್ತು.

ಎಳ್ಳು_ಪಜ್ಜಿ
ಹೌದು, ನಾವು ಕ್ಯಾಲೆಂಡರ್‌ನಲ್ಲಿ ಶನಿವಾರಕ್ಕೆ ಸುತ್ತು ಹಾಕಿಟ್ಟಿದ್ದೀವಿ. ಆ ಮದ್ದು ಹಳದಿ, ಮಗಳಿಗೆ ಈಗ ಹಳದಿ ಬಣ್ಣದ್ದು ಎಂತ ನೋಡಿದ್ರೂ ಹೊಟ್ಟೆ ತೊಳಸುತ್ತೆ. ಚಿತ್ರಾನ್ನ ಮಾಡೋದೇ ನಿಂತಿದೆ ಮನೇಲಿ.

ಕಾಫಿಹೂ (ಗೋಣಿಕೊಪ್ಪ ಹತ್ತಿರ)
ಆರು ವಾರ ಆಯ್ತು, ಉತ್ತರ ಬರೆಯೋಕೆ ತಡ ಆಯ್ತು, ಕ್ಷಮಿಸಿ. ಎಲ್ಲಾ ನಂಬರ್ ಬರೆದು ಡಾಕ್ಟರ್‌ಗೆ ಕಳಿಸಿದೆ. ಈ ಸಲ ಫೋನಲ್ಲಿ ಕಾಲು ಗಂಟೆ ಮಾತಾಡಿದ್ರು. ಬಿಪಿ ಸ್ವಲ್ಪ ಮೇಲಿತ್ತು, ಉಪ್ಪು ಇಳಿಸಿ ಮತ್ತೆ ನೋಡೋಣ ಅಂದಿದ್ದಾರೆ. ಸ್ಟಿರಾಯ್ಡ್ 5ಕ್ಕೆ ಬಂದಿದೆ. ಊಟದ ನಂತರದ ಶುಗರ್ 139. ತೂಕ 40ರಲ್ಲೇ ನಿಂತಿದೆ, ಉದ್ದ ಒಂದು ಸೆಂಟಿಮೀಟರ್ ಜಾಸ್ತಿ. ಕುತ್ತಿಗೆ ಇನ್ನೂ ಕಪ್ಪೇ.

ಅತ್ತೆಗೆ ಗ್ರಂಥಿ ಕಥೆ ಹೇಳಿದೆ. ಅವರು ನಂಬಿದ್ದು ಅದನ್ನಲ್ಲ, ಪುತ್ತರಿ_ಕೋಲು ಅವರ ಅಜ್ಜನ ಶುಗರ್ ಕಥೆನ. ಈಗ ಸಂಜೆ ಅವರೇ ವಾಲಗ ಹಾಕ್ತಾರೆ. ಕಕ್ಕಡ 18ಕ್ಕೆ ಪಾಯಸ ಮಾಡಿದ್ವಿ, ಒಂದು ಸಣ್ಣ ಬಟ್ಟಲು ಕೊಟ್ಟೆ. ಮರುದಿನ ಮೂತ್ರ ಕೆಂಪು ನೋಡಿ ಮಗಳು ಕಿರುಚಿದಳು, ಆ ಸೊಪ್ಪು ತಿಂದ್ರೆ ಹಾಗಾಗುತ್ತೆ ಅಂತ ಹೇಳೋಕೆ ಮರೆತಿದ್ದೆ.

ಬ್ರಹ್ಮಗಿರಿ72
ಹ ಹ, ಸೊಪ್ಪು ಸರಿಯಾಗಿತ್ತು ಅಂತ ಅರ್ಥ. ಸಂತೋಷ ತಂಗಿ.

ಪುತ್ತರಿ_ಕೋಲು
ನಿಮ್ಮ ಅತ್ತೆಗೆ ನನ್ನ ನಮಸ್ಕಾರ. ಒಂದೇ ವಾಲಗ ಬೇಜಾರಾದ್ರೆ ಹೇಳಿ, ನಮ್ಮ ಹತ್ರ 40 ನಿಮಿಷದ್ದು ಇದೆ.

ಹೊಸಬಳು_ಶನಿವಾರಸಂತೆ
ಮಧ್ಯೆ ಬಾಯಿ ಹಾಕ್ತಿದ್ದೀನಿ. ನನ್ನ 4 ವರ್ಷದ ಮಗಳಿಗೆ ಒಂದೇ ಮಂಡಿ ಊತ, ಎಎನ್‌ಎ ಅನ್ನೋ ರಕ್ತಪರೀಕ್ಷೆ ಪಾಸಿಟಿವ್. ಕಣ್ಣು ಕೆಂಪಾಗದೆನೇ ಒಳಗೆ ಉರಿಯೂತ ಬರಬಹುದು, 3 ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣಿನ ಒಳಗೆ ನೋಡೋ ಯಂತ್ರ) ತೋರಿಸಿ ಅಂದಿದ್ದಾರೆ. ಕುಶಾಲನಗರ, ಮಡಿಕೇರಿ ಕಡೆ ಚಿಕ್ಕ ಮಕ್ಕಳನ್ನ ತಾಳ್ಮೆಯಿಂದ ನೋಡೋ ಕಣ್ಣಿನ ಡಾಕ್ಟರ್ ಯಾರಿದ್ದಾರೆ? ಇನ್‌ಬಾಕ್ಸ್ ಮಾಡಿ.